ಭದ್ರಾವತಿಯ ಧೈವತ

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಕಂಡಕ್ಟರ್‌ಗೂ ನನಗೂ ಸ್ನೇಹ ಬೆಳೆದುಬಿಟ್ಟಿತ್ತು. ಅದಕ್ಕೆ ಕಾರಣ ನನ್ನ ಕಾಲ ಬಳಿ ಹಳೆಯ ಜಮಖಾನದಲ್ಲಿ ಸುತ್ತಿಟ್ಟಿದ್ದ ಪೆಟ್ಟಿಗೆ. ಬೆಂಗಳೂರಿನಲ್ಲಿ ಹತ್ತುವಾಗ ‘ಇದೇನ್ ಸಾರ್, ಹೊಲಿಗೆ ಮಿಷನ್ನಾ? ಲಗೇಜ್ ಆಗುತ್ತೆ’ ಎಂದು ಗದರಿದ್ದರು. ಹಾರ್ಮೋನಿಯಂ ಎಂದು ತಿಳಿದ ಮೇಲೆ ದನಿ ಇಳಿಯಿತು. ತಮ್ಮೂರಿನ ‘ಕುರುಕ್ಷೇತ್ರ’ ನಾಟಕದಲ್ಲಿ ಎರಡು ವರ್ಷ ಶಕುನಿಯ ಪಾರ್ಟು ಮಾಡಿದವರಂತೆ. ತರೀಕೆರೆ ದಾಟುವಾಗ ಒಂದು ಪದ್ಯವನ್ನೂ ಹೇಳಿದರು. ಲಗೇಜಿನ ಮಾತು ಆಮೇಲೆ ಬರಲಿಲ್ಲ.

ಪೆಟ್ಟಿಗೆ ನನ್ನ ಅಜ್ಜನದು. ಅಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರು ಹೋದ ಮೇಲೆ ಮೂವತ್ತು ವರ್ಷ ಅದು ನಮ್ಮ ಮನೆಯ ಅಟ್ಟದ ಮೇಲಿತ್ತು. ಈಗ ಮಗಳಿಗೆ ಅದು ಬೇಕಾಗಿತ್ತು. ಅವಳೂ ಅವಳ ಗೆಳತಿಯರೂ ಸೇರಿ ಒಂದು ಪುಟ್ಟ ಮೇಳ ಕಟ್ಟಿಕೊಂಡಿದ್ದಾರೆ. ಒಬ್ಬಳದು ವಯಲಿನ್, ಒಬ್ಬಳದು ಚೆಲ್ಲೊ, ಇನ್ನೊಬ್ಬಳದು ಕೊಳಲು, ಇವಳದು ಹಾಡು. ಮೈಕಿಲ್ಲದೆ ಒಂದು ಕೋಣೆಯಲ್ಲಿ ಮೂವತ್ತು ನಲವತ್ತು ಜನರ ಮುಂದೆ ನುಡಿಸುವಂಥದ್ದು. ‘ಕೀಬೋರ್ಡ್ ಬೇಡ ಅಪ್ಪ, ಗಾಳಿಯಲ್ಲಿ ಉಸಿರಾಡುವಂಥದ್ದು ಏನಾದರೂ ಬೇಕು’ ಎಂದಳು. ಅಟ್ಟದಿಂದ ಇಳಿಸಿ ತಿದಿ ಒತ್ತಿದರೆ ಪೆಟ್ಟಿಗೆ ಉಸಿರಾಡುವ ಬದಲು ಕೆಮ್ಮಿತು. ಶಿವಮೊಗ್ಗದಲ್ಲಿ ಒಳ್ಳೆಯ ರಿಪೇರಿಯವರಿದ್ದಾರೆ ಎಂದು ನೆಂಟರೊಬ್ಬರು ಹೇಳಿದರು. ಹೀಗಾಗಿ ಭದ್ರಾವತಿಯ ಪೆಟ್ಟಿಗೆ ಬೆಂಗಳೂರಿನಿಂದ ಹೊರಟು, ಭದ್ರಾವತಿಯನ್ನು ಕಿಟಕಿಯಿಂದಲೇ ನೋಡಿ, ಶಿವಮೊಗ್ಗ ಸೇರಿತು.

ಗಾಂಧಿ ಬಜಾರಿನ ಗದ್ದಲ ದಾಟಿ ಒಂದು ಓಣಿಯೊಳಗೆ ಹೋದರೆ ರಿಪೇರಿ ಸಾಹೇಬರ ಅಂಗಡಿ. ಅಂಗಡಿ ಎಂದರೆ ಎಂಟಡಿಗೆ ಆರಡಿ. ಗೋಡೆಗೆ ತಬಲದ ಚರ್ಮಗಳು, ಮೂಲೆಯಲ್ಲಿ ಹೊಟ್ಟೆ ಬಿರಿದ ಎರಡು ಹಾರ್ಮೋನಿಯಂ. ಸಾಹೇಬರು ಜಮಖಾನ ಬಿಚ್ಚಿ, ಮೇಲಿನ ಹಲಗೆ ತೆಗೆದು, ಒಂದು ಬ್ರಷ್‌ನಿಂದ ಮೂವತ್ತು ವರ್ಷದ ಧೂಳು ಗುಡಿಸಿದರು. ತಿದಿಗೆ ಚರ್ಮದ ತೇಪೆ ಹಾಕಿದರು. ಹಿತ್ತಾಳೆಯ ರೀಡುಗಳ ಸಾಲನ್ನು ಬೆಳಕಿಗೆ ಹಿಡಿದವರು ಹಾಗೇ ನಿಂತುಬಿಟ್ಟರು.

‘ಸಾರ್, ಇದನ್ನ ಯಾರು ಅರ ಹಾಕಿದ್ದು?’

ನೋಡಿದೆ. ಮೂರೂ ಸ್ಥಾಯಿಯ ಗಾಂಧಾರ, ಧೈವತ, ನಿಷಾದದ ರೀಡುಗಳ ಬುಡದಲ್ಲಿ ಸಣ್ಣ ಗೀರುಗಳಿದ್ದವು. ಕಪ್ಪು ಮನೆಯ ಕೆಲವು ರೀಡುಗಳಲ್ಲಿ ಗೀರು ಬುಡದಲ್ಲಲ್ಲ, ತುದಿಯಲ್ಲಿ. ಸಾಹೇಬರು ವಿವರಿಸಿದರು. ರೀಡಿನ ತುದಿಯನ್ನು ಅರದಿಂದ ಸವರಿದರೆ ತುದಿ ಹಗುರವಾಗಿ ಸ್ವರ ಏರುತ್ತದೆ. ಬುಡವನ್ನು ಸವರಿದರೆ ಬಿಗಿ ಸಡಿಲಿ ಸ್ವರ ಇಳಿಯುತ್ತದೆ. ಮೊಬೈಲ್ ತೆಗೆದು ಒಂದೊಂದೇ ಸ್ವರ ಹಿಡಿದು ತೋರಿಸಿದರು. ಪಕ್ಕಪಕ್ಕದ ಎರಡು ಮನೆಗಳ ಅಂತರವನ್ನು ನೂರು ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಸೆಂಟ್. ಅಜ್ಜನ ಪೆಟ್ಟಿಗೆಯಲ್ಲಿ ಗಾಂಧಾರ ಸುಮಾರು 14 ಸೆಂಟ್ ಕೆಳಗೆ, ಧೈವತ 16 ಕೆಳಗೆ, ನಿಷಾದ 12 ಕೆಳಗೆ.

‘ಧೂಳು ಕೂತು ಇಳಿದಿದ್ರೆ ಒಂದೊಂದು ಒಂದೊಂದು ಥರ ಇಳೀಬೇಕು. ಇಲ್ಲಿ ಮೂರು ಸ್ಥಾಯೀಲೂ ಒಂದೇ ಲೆಕ್ಕ. ಬೇಕೂಂತ ಮಾಡಿದ್ದು ಸಾರ್. ನಾನು ಕೀಬೋರ್ಡ್ ಲೆಕ್ಕಕ್ಕೆ ತಂದುಬಿಡ್ಲಾ, ಹಂಗೇ ಬಿಡ್ಲಾ?’

ಉತ್ತರ ಹೇಳುವ ಮುನ್ನ ಈ ಲೆಕ್ಕ ಏನೆಂದು ನಾನೂ ತಿಳಿಯಬೇಕಾಯಿತು. ಓದುಗರೂ ಸ್ವಲ್ಪ ಸಹಿಸಿಕೊಳ್ಳಬೇಕು.

ಸುಲಭಕ್ಕಾಗಿ ಷಡ್ಜ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳಿ. ಪಂಚಮ ಅದರ ಒಂದೂವರೆ ಪಟ್ಟು, 360. ತಂಬೂರಿಯ ಮುಂದೆ ಕೂತು ಹಾಡುವವರ ಗಾಂಧಾರ ತಾನಾಗಿ ಹೋಗಿ ನಿಲ್ಲುವುದು ಒಂದೂಕಾಲು ಪಟ್ಟಿನಲ್ಲಿ, ಅಂದರೆ 300ರಲ್ಲಿ. ಆದರೆ ಹಾರ್ಮೋನಿಯಂ ಬಂದದ್ದು ಯುರೋಪಿನಿಂದ. ಯಾವ ಮನೆಯಿಂದ ಬೇಕಾದರೂ ಷಡ್ಜ ಹಿಡಿಯಲು ಅನುಕೂಲವಾಗಲೆಂದು ಅಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದಾರೆ. ಆ ಪಾಲಿನಲ್ಲಿ ಗಾಂಧಾರ 302.4ಕ್ಕೆ ಬೀಳುತ್ತದೆ. ಎರಡೂವರೆ ಕಂಪನದ ವ್ಯತ್ಯಾಸ ಏನು ಮಹಾ ಎನ್ನಬಹುದು. ಆದರೆ ಷಡ್ಜವನ್ನೂ ಆ ಗಾಂಧಾರವನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಾದ ಸೆಕೆಂಡಿಗೆ ಒಂಬತ್ತು ಹತ್ತು ಸಲ ನಡುಗುತ್ತದೆ. 300ಕ್ಕೆ ಇಳಿಸಿದರೆ ನಡುಕ ನಿಲ್ಲುತ್ತದೆ. ಅಜ್ಜ ಇಳಿಸಿದ 14 ಸೆಂಟ್ ಎಂದರೆ ಅದೇ.

ಓಣಿಯಲ್ಲಿ ನಿಂತು ಮಗಳಿಗೆ ಫೋನು ಮಾಡಿದೆ. ‘ಅಯ್ಯೋ ಅಪ್ಪ, ಮುಟ್ಟಬೇಡಿ ಅನ್ನು!’ ಎಂದು ಕೂಗಿದಳು. ಅವರ ಮೇಳ ಈಗ ಹುಡುಕುತ್ತಿರುವುದೇ ಇಂಥ ಶ್ರುತಿಯನ್ನಂತೆ. ಅಮೆರಿಕದ ಟೆರಿ ರೈಲಿ ಎಂಬ ಸಂಗೀತಗಾರ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರಲ್ಲಿ 1970ರಿಂದ ಹಾಡು ಕಲಿತವರು. ಪಿಯಾನೊವನ್ನೇ ಬಿಚ್ಚಿ ಶುದ್ಧ ಶ್ರುತಿಗೆ ಹೊಂದಿಸಿ ನುಡಿಸಿದವರು. ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ಮೇಳಕ್ಕೆ ಅನೇಕ ಕೃತಿ ಬರೆದುಕೊಟ್ಟವರು. ಇವೆಲ್ಲ ಅವಳ ಬಾಯಲ್ಲಿ ಸರಸರ ಬಂತು. ಆಮೇಲೆ ಒಂದು ಕ್ಷಣ ಸುಮ್ಮನಾಗಿ, ‘ಆದ್ರೆ ಅದು ಯಾವ ಮನೆಗೆ ಹೊಂದಿಸಿದ್ದು? ನಂದು ಬಿಳಿ ಐದು’ ಎಂದಳು.

ಸಾಹೇಬರನ್ನು ಕೇಳಿದೆ. ‘ಇದು ಬಿಳಿ ಒಂದು ಸಾರ್. ಗಂಡಸಿನ ಶ್ರುತಿ. ಯಾರದೋ ಒಂದೇ ಗಂಟಲಿಗೆ ಹೊಲಿದ ಅಂಗಿ ಇದ್ದ ಹಾಗೆ. ಯಾರಿಗೆ ಅಂತ ಕೇಳ್ಕೊಂಡು ಬನ್ನಿ, ಆಮೇಲೆ ಕೈ ಹಾಕ್ತೀನಿ.’

ಕೇಳಲು ಉಳಿದಿದ್ದವರು ಒಬ್ಬರೇ. ಅಜ್ಜನ ಜೊತೆ ವಯಲಿನ್ ನುಡಿಸುತ್ತಿದ್ದ ಮೇಷ್ಟ್ರು. ತೊಂಬತ್ತರ ಹತ್ತಿರದ ವಯಸ್ಸು. ಭದ್ರಾವತಿಯಲ್ಲೇ ಇದ್ದಾರೆ. ಪೆಟ್ಟಿಗೆಗೆ ಮತ್ತೆ ಜಮಖಾನ ಸುತ್ತಿ ಬಸ್ಸು ಹತ್ತಿದೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್. ಒಂದೂರು ತುಂಗೆಯ ದಡದಲ್ಲಿ, ಇನ್ನೊಂದೂರು ಭದ್ರೆಯ ದಡದಲ್ಲಿ. ಮಲವಗೊಪ್ಪ, ಮಾಚೇನಹಳ್ಳಿ ದಾಟುವಷ್ಟರಲ್ಲಿ ಊರಿನ ಬಣ್ಣ ಬದಲಾಗುತ್ತದೆ. ಶಿವಮೊಗ್ಗದಲ್ಲಿ ಅಡಿಕೆ ಮಂಡಿ, ಕಚೇರಿ, ಕಾಲೇಜು. ಭದ್ರಾವತಿಯಲ್ಲಿ ಕಾರ್ಖಾನೆ. ಈ ಊರಿನ ಹಳೆಯ ಹೆಸರು ಬೆಂಕೀಪುರ. ಹೆಸರಿಗೆ ತಕ್ಕಂತೆ ಮೈಸೂರು ಸಂಸ್ಥಾನ ಇಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭಿಸಿತು. 1923ರಲ್ಲಿ ಊದುಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು, ಹಟ ವಿಶ್ವೇಶ್ವರಯ್ಯನವರದು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು ಎಲ್ಲವೂ ಒಂದೇ ಪಾಳಿಯಲ್ಲಿ ದುಡಿದು ಒಂದೇ ನಲ್ಲಿಯಲ್ಲಿ ಕೈ ತೊಳೆದ ಊರು ಇದು. ಪಾಳಿ ಮುಗಿದ ಮೇಲೆ ಕಾಲೊನಿಗಳಲ್ಲಿ ನಾಟಕ, ಭಜನೆ, ಆರ್ಕೆಸ್ಟ್ರಾ. ನನ್ನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಕಾರ್ಖಾನೆಯ ಸೈರನ್ನಿಗೂ ಅಜ್ಜನ ಪೆಟ್ಟಿಗೆಗೂ ನಡುವೆ ಕಳೆದವು.

ಈಗ ಸದ್ದು ಕಡಿಮೆ. ಕಾಗದದ ಕಾರ್ಖಾನೆಯ ಉತ್ಪಾದನೆ 2015ರ ಹೊತ್ತಿಗೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಪ್ರಕಟವಾಗಿ, ಕಾರ್ಮಿಕರು ಧರಣಿ ಕೂತು, ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಬಸ್ಸಿನ ಕಿಟಕಿಯಿಂದ ಹಳೆಯ ಚಿಮಣಿಗಳು ಕಂಡಾಗ ಪಕ್ಕದಲ್ಲಿ ಕೂತಿದ್ದವರು, ‘ಒಂದ್ಕಾಲ್ದಲ್ಲಿ ಇಲ್ಲಿ ಬಟ್ಟೆ ಒಣಗ್ಹಾಕಿದ್ರೆ ಮಸಿ ಹಿಡೀತಿತ್ತು. ಬೈತಾ ಇದ್ವಿ. ಈಗ ಬಟ್ಟೆ ಕ್ಲೀನಾಗಿ ಒಣಗುತ್ತೆ’ ಎಂದು ನಿಟ್ಟುಸಿರಿಟ್ಟರು.

ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ‘ಯಾರು? ಫಿಟ್ಟರ್ ಮೊಮ್ಮಗನಾ? ಬಾ ಮಾರಾಯ. ಅದೇನು, ಆ ಪೆಟ್ಟಿಗೆ ಇನ್ನೂ ಇದೆಯಾ?’ ಎಂದು ಎದ್ದೇ ನಿಂತರು. ಕಾಫಿ ಬಂತು. ಅವರ ಸೊಸೆ ಗೋಡೆಯ ಮೇಲಿನ ವಯಲಿನ್ ಇಳಿಸಿಕೊಟ್ಟರು.

‘ನಿಮ್ಮಜ್ಜನಿಗೆ ಈ ಹುಚ್ಚು ಹಿಡಿಸಿದ್ದು ರೇಡಿಯೋ’ ಎಂದು ಮೇಷ್ಟ್ರು ಶುರು ಮಾಡಿದರು. ಭದ್ರಾವತಿಗೆ ಆಕಾಶವಾಣಿ ಬಂದದ್ದು 1965ರಲ್ಲಿ. 675 ಕಿಲೋಹರ್ಟ್ಸ್‌ನ ಭದ್ರಾವತಿ ಎಂದರೆ ಮಲೆನಾಡಿನ ಮನೆಮನೆಗೂ ಗೊತ್ತು. ಅಜ್ಜ ಪಾಳಿ ಮುಗಿಸಿ ಬಂದು ರೇಡಿಯೋ ಮುಂದೆ ಕೂತರೆ ಏಳುತ್ತಿರಲಿಲ್ಲ. ಒಂದು ದಿನ, ‘ಮೇಷ್ಟ್ರೇ, ಎಲ್ಲ ವಾದ್ಯಾನೂ ಬರುತ್ತೆ, ಹಾರ್ಮೋನಿಯಂ ಯಾಕೆ ಬರಲ್ಲ?’ ಎಂದು ಕೇಳಿದರಂತೆ.

ಅದಕ್ಕೆ ಕಾರಣವಿತ್ತು. 1940ರ ಮಾರ್ಚ್ 1ರಿಂದ ದೇಶದ ಎಲ್ಲ ರೇಡಿಯೋ ಕೇಂದ್ರಗಳಲ್ಲೂ ಹಾರ್ಮೋನಿಯಂಗೆ ಪ್ರವೇಶ ನಿಂತಿತ್ತು. ಅದರ ಸ್ವರಗಳು ಕದಲುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಿಲ್ಲ, ಶ್ರುತಿಗಳನ್ನು ಕೊಂದು ಹಾಕುತ್ತದೆ ಎಂಬುದು ಆಕ್ಷೇಪ. ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡುತ್ತಿದ್ದ ಜಾನ್ ಫೌಲ್ಡ್ಸ್ ಅದನ್ನು ಕಟುವಾಗಿ ಟೀಕಿಸಿ ಬರೆದಿದ್ದರು. ರವೀಂದ್ರನಾಥ ಟಾಗೋರರಿಗೂ ಅದು ಆಗುತ್ತಿರಲಿಲ್ಲ. ಭದ್ರಾವತಿ ಕೇಂದ್ರ ಆರಂಭವಾದಾಗ ಆ ನಿಯಮ ಇನ್ನೂ ಇತ್ತು. ಸಡಿಲವಾದದ್ದು 1971ರಲ್ಲಿ.

‘ನಾನು ಇದನ್ನೆಲ್ಲ ಹೇಳಿದೆ. ನಿಮ್ಮಜ್ಜ ಮಾತಾಡ್ಲಿಲ್ಲ. ಎರಡು ದಿನ ಬಿಟ್ಟು ಬಂದು, “ಸ್ವರ ಕದಲಲ್ಲ ಅನ್ನೋದು ಸುಳ್ಳು ಮೇಷ್ಟ್ರೇ, ಅರ ಇದ್ರೆ ಕದಲುತ್ತೆ” ಅಂದ.’

ಕಾರ್ಖಾನೆಯಲ್ಲಿ ದಿನವೂ ಕೂದಲೆಳೆಯಷ್ಟು ಕಬ್ಬಿಣ ಸವರುವ ಕೈ ಅದು. ಸೂಜಿಯಂಥ ಅರವೊಂದನ್ನು ಹಿಡಿದು ಆರು ತಿಂಗಳ ರಾತ್ರಿಗಳನ್ನು ರೀಡುಗಳಿಗೆ ಕೊಟ್ಟರಂತೆ. ಲೆಕ್ಕ ಗೊತ್ತಿರಲಿಲ್ಲ. ಷಡ್ಜ ಒತ್ತಿ ಹಿಡಿದು, ನಡುಕ ನಿಲ್ಲುವ ತನಕ ಸವರುವುದು, ಅಷ್ಟೇ. ಅಜ್ಜನಿಗೆ ಗೊತ್ತಿಲ್ಲದಿದ್ದರೂ ಇದು ಹೊಸ ಹುಚ್ಚೇನಲ್ಲ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ ಮತ್ತು ಇ. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಸೇರಿ ಇಪ್ಪತ್ತೆರಡು ಶ್ರುತಿಯ ಹಾರ್ಮೋನಿಯಂ ಮಾಡಿಸಿದ್ದರು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದರ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು.

‘ಬಿಳಿ ಒಂದು ಯಾರ ಶ್ರುತಿ ಮೇಷ್ಟ್ರೇ?’

ಅವರು ಹೆಸರು ಹೇಳಿದರು. ಅಜ್ಜನ ಜೊತೆ ಅದೇ ಶಾಪಿನಲ್ಲಿದ್ದ ಗೆಳೆಯರು. ಹೊಸಹಳ್ಳಿ ಕಡೆಯವರು, ಚಿಕ್ಕಂದಿನಿಂದ ಗಮಕ ಕೇಳಿ ಬೆಳೆದವರು. ತುಂಗೆಯ ದಡದ ಮತ್ತೂರು–ಹೊಸಹಳ್ಳಿಗಳನ್ನು ಓದುಗರು ಬಲ್ಲರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್. ಆರ್. ಕೇಶವಮೂರ್ತಿಯವರ ಊರು ಹೊಸಹಳ್ಳಿ. ಗಮಕದಲ್ಲಿ ತಾಳದ ಹಂಗಿಲ್ಲ. ಶ್ರುತಿಯೊಂದೇ ಆಸರೆ. ಅಂಥ ಗಂಟಲು ಸಮಪಾಲಿನ ಗಾಂಧಾರದ ಮುಂದೆ ಮುಳ್ಳು ತುಳಿದಂತೆ ಹಿಂಜರಿಯುತ್ತಿತ್ತು.

‘ಮೇಳ ಅಂದ್ರೆ ಏನು ಗೊತ್ತಾ? ಯಾವ ವಾದ್ಯ ಬಗ್ಗಲ್ವೋ ಅದರದ್ದೇ ದರ್ಬಾರು. ಮಳೆಗಾಲದಲ್ಲಿ ತಬಲದ ಚರ್ಮ ಇಳಿಯುತ್ತೆ, ಸುತ್ತಿಗೆ ತಗೊಂಡು ಏರಿಸ್ಬೋದು. ನನ್ನ ವಯಲಿನ್ ತಂತಿ ತಿರುಗಿಸ್ಬೋದು. ಹಾಡೋನು ಗಂಟಲು ಬಗ್ಗಿಸ್ಬೋದು. ಪೆಟ್ಟಿಗೆ ಮಾತ್ರ ಜಪ್ಪಯ್ಯ ಅನ್ನಲ್ಲ. ಅದಕ್ಕೇ ಎಲ್ಲರೂ ಅದಕ್ಕೆ ಬಗ್ತಾರೆ, ಕೊನೆಗೆ ಬಗ್ಗಿದ್ದೀವಿ ಅನ್ನೋದೂ ಮರೆತು ಹೋಗುತ್ತೆ. ನಿಮ್ಮಜ್ಜ ಒಬ್ಬನೇ ಪೆಟ್ಟಿಗೇನ ಬಗ್ಗಿಸಿದ್ದು.’

ವಯಲಿನ್ನೂ ಹೀಗೆ ಬಗ್ಗಿಯೇ ನಮ್ಮದಾಯಿತು. ಯುರೋಪಿನಲ್ಲಿ ಅದರ ನಾಲ್ಕು ತಂತಿಗಳ ನಡುವೆ ಐದೈದು ಸ್ವರದ ಅಂತರ. ನಮ್ಮಲ್ಲಿ ಸ–ಪ–ಸ–ಪ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲಸ್ವಾಮಿ ದೀಕ್ಷಿತರಂಥವರು ಹಾಡಿಗೆ ತಕ್ಕಂತೆ ಮಾಡಿಕೊಂಡ ವ್ಯವಸ್ಥೆ. ನಮ್ಮ ಮೈಸೂರಿನ ಚೌಡಯ್ಯನವರು ತಂತಿಗಳನ್ನು ಏಳಕ್ಕೆ ಏರಿಸಿದರು. ಯುರೋಪಿನಲ್ಲೇ ಹದಿನೇಳನೆಯ ಶತಮಾನದ ಬೀಬರ್ ಎಂಬಾತ ಕೃತಿಯಿಂದ ಕೃತಿಗೆ ತಂತಿಗಳ ಶ್ರುತಿ ಬದಲಿಸಿ ಒಂದು ಮಾಲೆಯನ್ನೇ ಬರೆದಿದ್ದಾನೆ. ಮಗಳ ಗೆಳತಿಯರಿಗೆ ಅದು ಈಗ ಹೊಸದಾಗಿ ಕಾಣುತ್ತಿದೆ. ಮೇಷ್ಟ್ರಿಗೆ ಅದು ದಿನದ ಅಡುಗೆ.

ಮೇಷ್ಟ್ರು ಬಿಳಿ ಒಂದಕ್ಕೆ ವಯಲಿನ್ ಶ್ರುತಿ ಮಾಡಿಕೊಂಡರು. ನಾನು ಷಡ್ಜ, ಗಾಂಧಾರ ಒತ್ತಿ ಹಿಡಿದೆ. ಬಿಲ್ಲು ಗಾಂಧಾರಕ್ಕೆ ಬಂದು ನಿಂತಿತು. ಜಗಲಿಯಲ್ಲಿ ಏನೋ ತಣ್ಣಗಾದಂತೆ ಅನಿಸಿತು. ಎರಡು ವಾದ್ಯ ಎಂದು ಹೇಳಲು ಸಾಧ್ಯವಿರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, ‘ಈಗ ಧೈವತ’ ಎಂದರು. ಅದೂ ಹಾಗೇ ಬಂತು.

‘ಇಷ್ಟು ಒಳ್ಳೇದನ್ನ ಅಜ್ಜ ಯಾಕೆ ಬಿಟ್ಟರು?’ ಎಂದು ಕೇಳಿದೆ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಜ್ಜ ಪೆಟ್ಟಿಗೆ ಮುಟ್ಟುವುದನ್ನು ಬಿಟ್ಟಿದ್ದರು. ಕಣ್ಣು ಮಂಜಾಯಿತು, ಅದಕ್ಕೇ ಎಂದು ಮನೆಯಲ್ಲಿ ಹೇಳುತ್ತಿದ್ದರು.

‘ಹಾರ್ಮೋನಿಯಂ ನುಡಿಸೋಕೆ ಕಣ್ಣು ಯಾಕೆ?’ ಎಂದರು ಮೇಷ್ಟ್ರು. ‘ಅದಕ್ಕೆ ಎರಡು ಕಾರಣ. ಒಂದ್ಸಲ ರಾಮನವಮೀಲಿ ಹೊರಗಿನವರೊಬ್ಬರು ಹಾಡೋಕೆ ಬಂದ್ರು. ಅವರದ್ದು ಬಿಳಿ ಎರಡು. ನಿಮ್ಮಜ್ಜನ ರಿಷಭಾನೇ ಅವರಿಗೆ ಷಡ್ಜ. ಪಂಚಮ ಹಿಡಿದ್ರೆ ನಾಯಿ ಊಳಿಟ್ಟ ಹಾಗೆ ಆಯ್ತು. ಜನ ನಕ್ಕರು. ಪೆಟ್ಟಿಗೆ ಕೆಟ್ಟಿದೆ ಅಂದ್ರು. ಅವನು ಮಾತಾಡದೆ ಮುಚ್ಚಳ ಹಾಕ್ದ. ಆಮೇಲೆ ಗೆಳೆಯನಿಗೆ ಮಾತ್ರ ನುಡಿಸ್ತಿದ್ದ. ಗೆಳೆಯ ಹೋದ. ಇನ್ನು ಯಾರಿಗೆ ನುಡಿಸ್ತಾನೆ?’

ಲೆಕ್ಕ ಹಾಕಿದರೆ ಆ ದಿನದ ಅವಮಾನ ಕಾಗದದ ಮೇಲೆ ಬರುತ್ತದೆ. ಅಜ್ಜನ ಷಡ್ಜ 240, ರಿಷಭ 270, ಧೈವತ 400. ಅತಿಥಿಗೆ 270 ಷಡ್ಜವಾದರೆ ಪಂಚಮ 405 ಆಗಬೇಕು. ಆ ಮನೆಯಲ್ಲಿರುವುದು 400. ಆ ಸ್ವರ ಐದು ಕಂಪನ ಕೆಳಗೆ. ಮಗಳ ಬಿಳಿ ಐದನ್ನೂ ನೋಡಿದೆ. 360 ಷಡ್ಜ. ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ ಎಲ್ಲವೂ ಸರಿಯಾಗಿ ಬಂದವು. ರಿಷಭ ಒಂದು 405 ಆಗಬೇಕಿತ್ತು. ಮತ್ತೆ ಅದೇ ಮನೆ, ಅದೇ 400. ಮೇಷ್ಟ್ರು ವಯಲಿನ್ನಿನಲ್ಲಿ ಎರಡನ್ನೂ ನುಡಿಸಿ ತೋರಿಸಿ, ‘ಭರತಮುನಿ ಎರಡು ವೀಣೆ ಇಟ್ಕೊಂಡು ತೋರಿಸಿದ ಪ್ರಮಾಣ ಶ್ರುತಿ ಅಂದ್ರೆ ಇಷ್ಟೇ ಕಣೋ. ಎಂಬತ್ತಕ್ಕೂ ಎಂಬತ್ತೊಂದಕ್ಕೂ ಇರೋ ಅಂತರ’ ಎಂದರು.

ಎಂದರೆ ಮರಿಮಗಳು ಹಾಡಬೇಕಾದರೆ ಅಜ್ಜನ ಗೆಳೆಯನ ಧೈವತ ಹೋಗಬೇಕು. ಆ ಒಂದು ಸ್ವರವನ್ನು ಇಬ್ಬರಿಗೂ ಕೊಡಲಾಗದು. ನಾನು ಸುಮ್ಮನೆ ಕೂತೆ. ಸಮಪಾಲಿನ ಪೆಟ್ಟಿಗೆ ಯಾಕೆ ಗೆದ್ದಿತು ಎಂದು ಆಗ ಅರ್ಥವಾಯಿತು. ಅದು ಎಲ್ಲರಿಗೂ ಸ್ವಲ್ಪ ಸ್ವಲ್ಪ ತಪ್ಪು. ಯಾರಿಗೂ ನಾಯಿಯಂತೆ ಊಳಿಡುವುದಿಲ್ಲ. ಎಲ್ಲ ಊರಿಗೂ, ಎಲ್ಲ ಹಾಡುಗಾರರಿಗೂ ಒಂದೇ ಪೆಟ್ಟಿಗೆ ಸಾಕು ಎನ್ನುವುದು ಸಣ್ಣ ಅನುಕೂಲವಲ್ಲ. ಅಜ್ಜ ಆರಿಸಿಕೊಂಡದ್ದು ಒಬ್ಬ ಗೆಳೆಯನಿಗೆ ಪೂರ್ತಿ ಸರಿಯಾಗುವುದನ್ನು. ಅದರ ಬೆಲೆಯನ್ನೂ ಅವರೇ ಕೊಟ್ಟರು.

ಹೊರಡುವಾಗ ಮೇಷ್ಟ್ರು ಕೈ ಹಿಡಿದುಕೊಂಡರು. ‘ಕೀಬೋರ್ಡ್ ಲೆಕ್ಕಕ್ಕೆ ತರಬೇಡ. ಮಗಳಿಗೆ ತಕ್ಕ ಹಾಗೆ ಮಾಡ್ಸು. ನಿಮ್ಮಜ್ಜ ಇದ್ದಿದ್ರೂ ಅದನ್ನೇ ಮಾಡ್ತಿದ್ದ. ಆದ್ರೆ ಆ ಮೂರು ರೀಡಿಗೆ ಅರ ಹಾಕಿಸ್ಬೇಡ, ಬಿಚ್ಚಿಸ್ಕೊ.’

ಮರುದಿನ ಶಿವಮೊಗ್ಗದ ಅಂಗಡಿಯಲ್ಲಿ ವಿಷಯ ಹೇಳಿದಾಗ ಸಾಹೇಬರು ನಕ್ಕರು. ‘ಅಂದ್ರೆ ಊರಿಗೊಂದು ಪೆಟ್ಟಿಗೆ ಅಲ್ಲ, ಗಂಟಲಿಗೊಂದು ಪೆಟ್ಟಿಗೆ! ಹಿಂಗಾದ್ರೆ ನಮ್ಮ ವ್ಯಾಪಾರ ಚೆನ್ನಾಗಿರುತ್ತೆ ಸಾರ್.’ ಗುಜರಾತಿನ ಪಾಲಿಟಾಣಾದ ರೀಡುಗಳ ಡಬ್ಬಿ ತೆಗೆದು ಮೂರನ್ನು ಆರಿಸಿದರು. ಮೊದಲು ಮೊಬೈಲ್ ನೋಡಿಕೊಂಡು ತುದಿ ಸವರಿದರು. ಮುಗಿಯುತ್ತಾ ಬಂದಾಗ ಅದನ್ನು ಪಕ್ಕಕ್ಕಿಟ್ಟು, ಬಿಳಿ ಐದರ ಜೊತೆ, ಅದರ ಪಂಚಮದ ಜೊತೆ ಹಿಡಿದು ಹಿಡಿದು ಕೇಳಿದರು. ಮೂರು ಸ್ವರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಿಚ್ಚಿದ ಹಳೆಯ ರೀಡುಗಳನ್ನು ಬೀಡಿ ಹಚ್ಚುವ ಬೆಂಕಿಪೊಟ್ಟಣ ಖಾಲಿ ಮಾಡಿ ಅದರಲ್ಲಿಟ್ಟು ಕೊಟ್ಟರು.

ಮಗಳು ಈಗ ಆ ಪೆಟ್ಟಿಗೆಯ ಜೊತೆ ಹಾಡುತ್ತಾಳೆ. ಚೆಲ್ಲೊದವಳು ಅದಕ್ಕೆ ತಕ್ಕಂತೆ ಬೆರಳಿನ ಜಾಗ ಬದಲಿಸಿಕೊಂಡಿದ್ದಾಳೆ. ಕೊಳಲಿನವಳಿಗೆ ಮಾತ್ರ ಬೇರೆ ಮನೆಯಲ್ಲಿ ನುಡಿಸಬೇಕೆಂಬ ಆಸೆ, ಆಗುವುದಿಲ್ಲವೆಂದು ಸಣ್ಣ ಮುನಿಸು. ಬೆಂಕಿಪೊಟ್ಟಣ ಪೆಟ್ಟಿಗೆಯೊಳಗೇ ಒಂದು ಮೂಲೆಯಲ್ಲಿದೆ. ಜೋರಾಗಿ ತಿದಿ ಒತ್ತಿದರೆ ಒಳಗೆ ಸಣ್ಣಗೆ ಗಲ್ ಎನ್ನುತ್ತದೆ. ತೆಗೆದಿಡೋಣ ಎಂದರೆ ಮಗಳು ಬೇಡ ಎಂದಳು.